ರುಕ್ಕಕ್ಕನ ಹರಕೆ ಹುಂಜ

ಕೋಳಿಗೂಡಿನ ಬಾಗಿಲು ತೆಗೆಯುವ ಮೊದಲು ರುಕ್ಕಕ್ಕ ಅದಕ್ಕೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಒಳಗೆ ಗಲಾಟೆಯಿದ್ದರೆ ಮುಖ ಅರಳುತ್ತಿತ್ತು. ಸದ್ದಿಲ್ಲದ ದಿನ ಚಿಲಕಕ್ಕೆ ಹೋದ ಕೈ ಅಲ್ಲೇ ನಿಲ್ಲುತ್ತಿತ್ತು. "ಹಸಿದ ಕೋಳಿ ಸುಮ್ಮನಿರುವುದಿಲ್ಲ ಮಾರಾಯ್ತಿ. ಸುಮ್ಮನಿದ್ದರೆ ಒಳಗೆ ಬೇರೆ ಯಾರೋ ಇದ್ದಾರೆ ಅಂತ ಲೆಕ್ಕ."

ಎಪ್ಪತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ನಾನು ಮುಂಬಯಿಯ ಚೆಂಬೂರಿನ ಚಾಳಿಗೆ ಬಂದಾಗ ಗೋಡೆಯಾಚೆಯ ಖೋಲಿ ಅವರದು. ಉಡುಪಿ ಕಡೆಯವರು. ಗಂಡ ಮೋನಪ್ಪಣ್ಣ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಭಟ್ಟಿಯ ಮುಂದೆ ನಿಂತು ನಿಂತು ಎದೆ ಕೆಡಿಸಿಕೊಂಡಿದ್ದರು. ಅವರ ಕೆಮ್ಮಿಗೆ ನಮ್ಮ ಗೋಡೆಯ ಪಾತ್ರೆಗಳೂ ಅದುರುತ್ತಿದ್ದವು. ಚಾಳಿನ ಹಿಂದೆ ಹಲಗೆಯ ಗೂಡಿನಲ್ಲಿ ಅವರ ಕೋಳಿಗಳು. ನಾನು ಕೊಂಡು ತಂದ ಮೂರು ಕೋಳಿಗಳಿಗೂ ಅಲ್ಲೇ ಜಾಗ ಕೊಟ್ಟರು.

ಕೊಡುವ ಮೊದಲು ಅವನ್ನು ಎರಡು ವಾರ ಬೇರೆ ಬುಟ್ಟಿಯಡಿ ಕೂರಿಸಿದ್ದರು. "ಹೊಸ ಸೊಸೆಯನ್ನಾದರೂ ಸೀದಾ ಒಳಗೆ ಕರೀಬಹುದು, ಹೊಸ ಕೋಳಿಯನ್ನಲ್ಲ." ಹೆಗ್ಗಣ ಕೊರೆಯದಂತೆ ಗೂಡಿನ ಬುಡಕ್ಕೆ ತಗಡು ಹೂಳಿಸಿದ್ದರು. ನೆಲಕ್ಕೆ ಒಣ ಮರದ ಹೊಟ್ಟು, ಒದ್ದೆಯಾದರೆ ಅಂದೇ ಬದಲು. ಹೇನಿಗೆ ಒಲೆಯ ಬೂದಿ. ಮಾರ್ಕೆಟ್ಟಿಗೆ ಹೋಗಿ ಬಂದವರು ಕಾಲು ತೊಳೆಯದೆ ಹತ್ತಿರ ಸುಳಿದರೆ ಮುಗಿಯಿತು: "ಬೆಕ್ಕಿಗೆ ಹಲ್ಲುಂಟು, ಕಾಣ್ತದೆ. ರೋಗಕ್ಕೆ ಎಂತ ಉಂಟು? ನಿನ್ನ ಚಪ್ಪಲಿಯೇ ಅದರ ಕಾಲು!" ಎಲ್ಲಕ್ಕಿಂತ ಕಠಿಣವಾದ ಪಾಠವೆಂದರೆ, ರೆಕ್ಕೆ ಇಳಿಬಿಟ್ಟು ತೂಕಡಿಸುವ ಕೋಳಿಯನ್ನು ಅಂದೇ ಕೊಂದು ಸುಣ್ಣ ಹಾಕಿ ಹೂಳಬೇಕು. "ಒಂದಕ್ಕೆ ಮರುಗಿದರೆ ಎಲ್ಲಕ್ಕೂ ಗುಂಡಿ ತೋಡಬೇಕಾಗ್ತದೆ."

ಆ ಗೂಡಿನಲ್ಲೊಂದು ಕೆಂಪು ಹುಂಜ, ಕಾಲಿಗೆ ಕಪ್ಪು ದಾರ. ಗಂಡ ಗುಣವಾಗಲೆಂದು ಊರಿನ ದೈವಕ್ಕೆ ಹರಕೆ ಹೇಳಿ ಬಿಟ್ಟದ್ದು. ಒಪ್ಪಿಸುವವರೆಗೆ ಅದನ್ನು ಮಾರುವಂತಿಲ್ಲ, ಕೊಲ್ಲುವಂತಿಲ್ಲ. ಅದು ಕೂಗಿದಾಗಲೆಲ್ಲ ಮೋನಪ್ಪಣ್ಣ ಚಾಪೆಯಿಂದಲೇ, "ನನ್ನ ಬದಲಿಗೆ ಹೋಗುವವ ಕೂಗಿದ ನೋಡು" ಎಂದು ನಗುತ್ತಿದ್ದರು. ರುಕ್ಕಕ್ಕ ನಗುತ್ತಿರಲಿಲ್ಲ.

ಒಂದು ಚಳಿಗಾಲ ಪಕ್ಕದ ಚಾಳಿನ ಕೋಳಿಗಳು ಸಾಯತೊಡಗಿದವು. ರುಕ್ಕಕ್ಕ ಗೂಡಿನ ಸುತ್ತ ಸುಣ್ಣ ಎರಚಿ, ಯಾರನ್ನೂ ಹತ್ತಿರ ಬಿಡದೆ ಕಾದರು. ಆದರೂ ಒಂದು ಬೆಳಿಗ್ಗೆ ಹುಂಜ ಕೂಗಲಿಲ್ಲ. ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿತ್ತು, ಗಂಟಲಲ್ಲಿ ಗೊರಗೊರ.

"ರುಕ್ಕಕ್ಕ, ನೀವೇ ಹೇಳಿದ್ದಲ್ವಾ..." ಎಂದೆ. ನನಗೆ ನನ್ನ ಕೋಳಿಗಳ ಚಿಂತೆ.

"ಗೊತ್ತುಂಟು." ಹುಂಜವನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಇದರ ಕುತ್ತಿಗೆಗೆ ಹೇಗೆ ಕೈ ಹಾಕಲಿ ಹೇಳು? ಒಳಗೆ ಮಲಗಿದವರ ಕುತ್ತಿಗೆ ಅಲ್ವಾ ಇದು?"

ಗಂಡನ ಚಾಪೆಯ ಪಕ್ಕ ಬುಟ್ಟಿಯಡಿ ಅದನ್ನಿಟ್ಟು, ಬೆರಳಿನಿಂದ ನೀರು ತೊಟ್ಟಿಕ್ಕಿಸಿದರು. ಅದೇ ಕೈಯಲ್ಲಿ ಗೂಡಿಗೂ ಕಾಳು ಹಾಕಿದರು. ಊರವರ ಕಾಲು ತೊಳೆಸುತ್ತಿದ್ದ ಹೆಂಗಸಿಗೆ ತನ್ನ ಕೈ ನೆನಪಾಗಲಿಲ್ಲ. ಗೂಡು ದಿನದಿಂದ ದಿನಕ್ಕೆ ಸುಮ್ಮನಾಗುತ್ತ ಬಂತು. ನನ್ನವೂ ಉಳಿಯಲಿಲ್ಲ. ಹುಂಜ ಮಾತ್ರ ಬದುಕಿತು. ಆದರೆ ಕುತ್ತಿಗೆ ತಿರುಚಿಕೊಂಡು ಮುಖ ಬೆನ್ನ ಕಡೆಗಾಗಿತ್ತು.

ಊನವಾದದ್ದು ದೈವಕ್ಕೆ ಸಲ್ಲದು. ಚಾಳಿನಲ್ಲಿದ್ದ ನಮ್ಮ ಕಡೆಯವರಿಗೆಲ್ಲ ಇದು ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ.

ಮೋನಪ್ಪಣ್ಣನಿಗೆ ಎದ್ದು ಕೂರಲೂ ಆಗದಾದಾಗ ಊರಿಗೆ ಹೊರಟರು. ಬಸ್ಸಿನಲ್ಲಿ ಗಂಡನ ತಲೆ ಅವರ ಭುಜದ ಮೇಲೆ, ಮಡಿಲಲ್ಲಿ ಬುಟ್ಟಿ.

"ದೈವ ಇದನ್ನು ಒಪ್ಪೀತಾ ರುಕ್ಕಕ್ಕ?" ಕಿಟಕಿಯ ಹೊರಗೆ ನಿಂತಿದ್ದ ನಾನು ಬಾಯಿ ತಪ್ಪಿ ಕೇಳಿಬಿಟ್ಟೆ.

"ಕುತ್ತಿಗೆ ತಿರುಗಿದರೂ ಉಸಿರುಂಟಲ್ಲ. ಇವರಿಗೂ ಅಷ್ಟು ಸಾಕು ಅಂತ ಕೇಳ್ತೇನೆ."

ಬಸ್ಸು ಹೊರಟಿತು. ಅವರು ತಿರುಗಿ ನೋಡಲಿಲ್ಲ. ಬುಟ್ಟಿಯ ಸಂದಿನಿಂದ ಹುಂಜವೊಂದೇ ಹಿಂದಕ್ಕೆ ನೋಡುತ್ತಿತ್ತು.

ಸುದ್ದಿ ಬರಲೇ ಇಲ್ಲ. ಆ ಖಾಲಿ ಗೂಡಿನ ಬಾಗಿಲಿಗೆ ಎಷ್ಟೋ ಬೆಳಿಗ್ಗೆ ನಾನೂ ಕಿವಿಯಿಟ್ಟಿದ್ದೇನೆ. ಚಿಲಕ ತೆಗೆಯುವ ಧೈರ್ಯ ಮಾತ್ರ ಆಗಲಿಲ್ಲ.