ಎಂಟು ಸೆಂಟು ಮಳೆ

ಈ ವರ್ಷದ ಮೊದಲ ಹೂಮಳೆ ಮೊನ್ನೆ ಬಿತ್ತು. ಬೆಳಿಗ್ಗೆ ಎದ್ದು ಕಾಫಿ ಕಣದ ಮೂಲೆಯಲ್ಲಿರುವ ಮಳೆ ಅಳೆಯುವ ಡಬ್ಬ ತೆಗೆದು, ಅದರ ನೀರನ್ನು ಗಾಜಿನ ಅಳತೆ ಲೋಟಕ್ಕೆ ಸುರಿದೆ. ಆ ಲೋಟದ ಬಾಯಿ ಒಂದು ಕಡೆ ಚಕ್ಕೆ ಎದ್ದಿದೆ. ನನ್ನ ಹೆಬ್ಬೆರಳು ತಾನಾಗಿಯೇ ಆ ಜಾಗಕ್ಕೆ ಹೋಗಿ ಕೂತಿತು. ಅದನ್ನು ಒಡೆದವಳು ಅಕ್ಕ, ಅವಳು ಇನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ. ಅಪ್ಪನಿಂದ ಬೈಸಿಕೊಂಡವನು ಮಾತ್ರ ನಾನು...

ಅಪ್ಪ ಈ ತೋಟದ ಮೇಸ್ತ್ರಿಯಾಗಿದ್ದ. ಈಗ ನಾನು. ಅಪ್ಪನಿಗೆ ಅಂಕಿ ಓದಲು ಬರುತ್ತಿರಲಿಲ್ಲ, ಹಾಗಾಗಿ ಮಳೆ ನೋಡುವ ಕೆಲಸ ಅಕ್ಕನದಾಗಿತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಕಿ ಅಂತ ಏನಾದರೂ ತಲೆಗೆ ಹತ್ತಿದ್ದರೆ ಅದು ಆ ಲೋಟದ ಗೀಟುಗಳಿಂದ. ಅಕ್ಕ ನನ್ನ ಕುತ್ತಿಗೆ ಹಿಡಿದು ಬಗ್ಗಿಸುತ್ತಿದ್ದಳು. "ಕಣ್ಣನ್ನ ನೀರಿನ ಮಟ್ಟಕ್ಕೆ ತಾ. ಮೇಲಿಂದ ನೋಡಿದ್ರೆ ಜಾಸ್ತಿ ಕಾಣುತ್ತೆ. ಹೂಂ, ಈಗ ಸರಿಯಾಗಿ ಹೇಳು."

ನನಗೆ ಮೇಲಿಂದ ನೋಡುವುದೇ ಇಷ್ಟವಾಗಿತ್ತು. ನಮ್ಮ ಕಡೆಯ ಅಭ್ಯಾಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬೇಸಿಗೆಯ ಬಾಯಲ್ಲಿ ಕಾಫಿ ಗಿಡ ಹೂ ಬಿಡಲು ಒಂದು ಮಳೆ ಬೇಕು. ಆ ಮಳೆ ಬಿದ್ದ ಬೆಳಿಗ್ಗೆ ಇಡೀ ಬೆಟ್ಟವೇ ಫೋನು ಹಿಡಿದು ನಿಂತಿರುತ್ತದೆ. ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಅಂತ ಕೇಳುವುದಿಲ್ಲ. "ಎಷ್ಟಾಯ್ತು?" ಅಂತ ಕೇಳುತ್ತಾರೆ. ಒಂದಿಂಚಿಗೆ ನೂರು ಸೆಂಟು. ನಿಮ್ಮಲ್ಲಿ ಅರವತ್ತು ಅಂದರೆ ಅವರಲ್ಲಿ ಎಪ್ಪತ್ತು. ಮಳೆಯನ್ನು ತಾವೇ ದುಡಿದು ತಂದ ಹಾಗೆ ಮಾತಾಡುತ್ತಾರೆ. ನಾನೂ ಅವರಲ್ಲೊಬ್ಬ.

ಅಕ್ಕ ಮದುವೆಯಾಗಿ ಚಿಕ್ಕಮಗಳೂರು ಪೇಟೆಗೆ ಹೋದಳು. ಭಾವನದು ಸೈಕಲ್ ರಿಪೇರಿ ಅಂಗಡಿ, ಮನೆ ಕೆಳಬೀದಿಯಲ್ಲಿ. ಮೇಲಿನ ಬೀದಿಗಳ ಕೊಳಚೆಯೆಲ್ಲ ಇಳಿದು ಬರುವುದು ಅಲ್ಲಿಗೇ. ಜೋರು ಮಳೆಗೆ ಚರಂಡಿ ಉಕ್ಕಿ ಅಡುಗೆಮನೆಗೆ ನುಗ್ಗುತ್ತಿತ್ತು. ಮೊದಲ ವರ್ಷವೇ ಅವಳ ಅನ್ನದ ಪಾತ್ರೆ ತೇಲಿಕೊಂಡು ಪಕ್ಕದ ಮನೆಗೆ ಹೋಯಿತಂತೆ, ಅವರ ಸಾರಿನ ಪಾತ್ರೆ ಇವಳ ಮನೆಗೆ ಬಂತಂತೆ. "ಲೆಕ್ಕ ಸರಿಹೋಯ್ತು ಬಿಡು" ಅನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ಮಾರನೇ ದಿನದಿಂದ ನಗರಸಭೆಯ ಬಾಗಿಲಲ್ಲಿ ಕೂರಲು ಶುರುಮಾಡಿದವಳು ಏಳಲೇ ಇಲ್ಲ. ಇವಳ ಕಾಟ ತಡೆಯಲಾಗದೆ ಜನ ಮೊದಲು ಕೌನ್ಸಿಲರ್ ಮಾಡಿದರು. ಕೊನೆಗೆ ಎಮ್ಮೆಲ್ಲೆಯನ್ನೇ ಮಾಡಿಬಿಟ್ಟರು.

ವಿಧಾನಸಭೆಯಲ್ಲೂ ಅವಳದು ಅದೇ ಹಾಡು. ಯಾವ ವಿಷಯಕ್ಕೆ ಎದ್ದು ನಿಂತರೂ ಕೊನೆಗೆ ಮಾತು ಕೆಳಬೀದಿಯ ಚರಂಡಿಗೆ ಬಂದು ಬೀಳುತ್ತಿತ್ತು. ಉಳಿದ ಶಾಸಕರು ಅವಳಿಗೆ ಚರಂಡಿ ಅಕ್ಕ ಅಂತ ಹೆಸರಿಟ್ಟರು. ಅವಳಿಗೇನೂ ಬೇಜಾರಿರಲಿಲ್ಲ. "ಹೆಸರು ಕರೆದಾಗಲಾದ್ರೂ ಚರಂಡಿ ನೆನಪಾಗುತ್ತಲ್ಲ" ಅನ್ನುತ್ತಿದ್ದಳು.

ಅವಳು ಎಮ್ಮೆಲ್ಲೆಯಾಗಿದ್ದಾಗ ಒಂದು ವರ್ಷದ ಬಜೆಟ್ ಅಧಿವೇಶನದಲ್ಲಿ ಸದನ ಹೆಚ್ಚುಕಡಿಮೆ ಅರ್ಧಕ್ಕರ್ಧ ಸೀಳಿಹೋಗಿತ್ತು. ಸರ್ಕಾರ ಅಕ್ಕನ ಪಕ್ಷದ್ದೇ. ಆದರೆ ಒಬ್ಬರೋ ಇಬ್ಬರೋ ಆಚೆ ಜಿಗಿದರೆ ಬಿದ್ದುಹೋಗುವ ಹಾಗಿತ್ತು. ಬಜೆಟ್ಟಿನ ಮೇಲೆ ಅಕ್ಕ ಮಾತಾಡಲು ಎದ್ದಾಗ ಎರಡೂ ಕಡೆಯವರು ಉಸಿರು ಬಿಗಿಹಿಡಿದು ಕೂತರಂತೆ. ಇವಳು ಯಾವ ಕಡೆ ವಾಲುತ್ತಾಳೆ ಅಂತ ನೋಡಲು. ಇವಳು ಪೂರ್ತಿ ಹೊತ್ತು ಚರಂಡಿಯ ಬಗ್ಗೆಯೇ ಮಾತಾಡಿ ಕೂತಳಂತೆ. "ಇಡೀ ಸದನ ನನ್ನ ಚರಂಡಿ ಕಥೆನ ಅಷ್ಟು ಭಕ್ತಿಯಿಂದ ಕೇಳಿದ್ದು ಅದೇ ಮೊದ್ಲು ಮಾರಾಯ" ಅಂದಿದ್ದಳು.

ಸೋಮವಾರ ವಿಶ್ವಾಸಮತ ಅಂತ ಗೊತ್ತಾಯಿತು. ಪಕ್ಷದವರು ತಮ್ಮ ಶಾಸಕರನ್ನೆಲ್ಲ ಬಸ್ಸಿಗೆ ತುಂಬಿ ರೆಸಾರ್ಟಿಗೆ ಸಾಗಿಸಿದರು. ಆ ರೆಸಾರ್ಟು ಇದ್ದದ್ದು ಎಲ್ಲಿ ಅಂದರೆ, ಕಳಸದ ದಾರಿಯಲ್ಲಿ, ನಮ್ಮ ಪಕ್ಕದ ಎಸ್ಟೇಟಿನಲ್ಲಿ. ಅಕ್ಕ ಮಾತ್ರ ಬಸ್ಸು ಹತ್ತಲಿಲ್ಲ. ಶುಕ್ರವಾರ ಸಂಜೆ ತನ್ನ ಡ್ರೈವರ್ ಜೊತೆ, ಅವನು ಆಲ್ದೂರಲ್ಲಿ ಬೀಡಾಕ್ಕೆ ನಿಲ್ಲಿಸಿದ್ದೊಂದು ಬಿಟ್ಟರೆ ನೇರ, ನನ್ನ ಮನೆಗೆ ಬಂದಳು.

"ಎಲ್ಲಾ ಕಡೆ ಹುಡುಕ್ತಾರೆ, ಅವ್ರ ರೆಸಾರ್ಟಿನ ಬೇಲಿ ಪಕ್ಕ ಮಾತ್ರ ಹುಡ್ಕಲ್ಲ" ಅಂದಳು.

ನನಗೆ ಹೆದರಿಕೆಯಾಯಿತು. "ಆ ಕಡೆಯವ್ರಿಗೆ ವೋಟ್ ಹಾಕ್ತೀಯೇನೇ ಅಕ್ಕ?"

"ಥೂ. ವೋಟು ನಮ್ಮ ಸರ್ಕಾರಕ್ಕೇ. ಆದ್ರೆ ಚರಂಡಿ ಫೈಲಿಗೆ ಸಹಿ ಬಿದ್ಮೇಲೆ ಬಂದು ಹಾಕ್ತೀನಿ ಅಂತ ಹೇಳಿ ಫೋನ್ ಆಫ್ ಮಾಡಿದೀನಿ. ಇಷ್ಟು ವರ್ಷ ಬೇಡ್ಕೊಂಡೆ. ಈಗ ಒಂದ್ಸಲ ಅವ್ರು ನನ್ನ ಹುಡುಕ್ಲಿ."

ಸಚಿವರು ಫೈಲು ತರಿಸಿಕೊಂಡಿದ್ದಾರೆ, ಭಾನುವಾರ ಸಂಜೆಯೊಳಗೆ ಸಹಿ ಆಗುತ್ತದೆ ಅಂತ ಭಾವನಿಗೆ ಸುದ್ದಿ ಬಂದಿತ್ತು. ಸಹಿಯಾದ ಕೂಡಲೇ ಭಾವ ನನ್ನ ಫೋನಿಗೆ ಹೇಳಬೇಕು. ಅಲ್ಲಿಯವರೆಗೆ ಅಕ್ಕ ಇಲ್ಲಿರುವುದು ಹೊರಗೆ ಗೊತ್ತಾಗಬಾರದು. ಅಷ್ಟೇ ಕೆಲಸ. ಬಾಯಿ ಮುಚ್ಚಿಕೊಂಡಿರುವ ಕೆಲಸ.

ಶನಿವಾರ ಅಕ್ಕ ನನ್ನ ಹೆಂಡತಿಯ ಹಳೇ ಸೀರೆ ಉಟ್ಟು, ಮೇಲೆ ನನ್ನ ಅಂಗಿ ಹಾಕಿ, ತಲೆಗೆ ಟವೆಲು ಕಟ್ಟಿಕೊಂಡು ಹೆಣ್ಣಾಳುಗಳ ಜೊತೆ ತೋಟಕ್ಕಿಳಿದಳು. ಉದುರಿದ ಕಾಫಿ ಹೆಕ್ಕುವ ಕೆಲಸ ನಡೆಯುತ್ತಿತ್ತು. ಹೆಂಗಸರಿಗೆ ಅವಳು ಯಾರು ಅಂತ ಮೊದಲ ಸಾಲಿನಲ್ಲೇ ಗೊತ್ತಾಯಿತು. ಬಿಡುತ್ತಾರೆಯೇ? ಒಬ್ಬಳು ರೇಷನ್ ಕಾರ್ಡು ಅಂದಳು, ಇನ್ನೊಬ್ಬಳು ಆಳುಗಳ ಲೈನ್ ಮನೆಯ ಮಾಡು ಸೋರುತ್ತದೆ ಅಂದಳು.

"ನಾನು ಪೇಟೆ ಎಮ್ಮೆಲ್ಲೆ ಕಣ್ರೇ. ನಿಮ್ಮೋರು ಬೇರೆ ಇದಾರೆ" ಅಂದಳು ಅಕ್ಕ.

"ಅವ್ರು ರೆಸಾರ್ಟಲ್ಲಿದಾರಲ್ಲ ಅಕ್ಕ, ನೀವಾದ್ರೆ ಇಲ್ಲೇ ಸಿಕ್ಕಿದೀರಿ."

ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಒಂದು ಜೀಪು ನಿಂತಿತು. ಬಿಳಿ ಅಂಗಿಯವರು ಇಬ್ಬರು ಇಳಿದು ಕೂಗಿದರು. "ಈ ಕಡೆ ಎಮ್ಮೆಲ್ಲೆ ಮೇಡಂ ಯಾರಾದ್ರೂ ಬಂದಿದ್ರಾ?" ಬಗ್ಗಿದ್ದ ಅಕ್ಕ ಬಗ್ಗಿದ್ದಲ್ಲಿಂದಲೇ ಹೇಳಿದಳು. "ಎಮ್ಮೆಲ್ಲೆಗಳು ವೋಟಿನ ಟೈಮಲ್ಲಿ ಬಿಟ್ರೆ ಈ ಕಡೆ ಯಾಕ್ ಬರ್ತಾರೆ ಸ್ವಾಮಿ?" ಅವರು ನಕ್ಕು ಜೀಪು ಹತ್ತಿದರು. ಹೆಂಗಸರಲ್ಲಿ ಒಬ್ಬಳೂ ತುಟಿ ಪಿಟಕ್ಕೆನ್ನಲಿಲ್ಲ. ಜೀಪು ತಿರುವು ದಾಟಿದ ಮೇಲೆ ನಕ್ಕರು ನೋಡಿ... ಹೆಕ್ಕಿದ ಕಾಫಿಯೆಲ್ಲ ಮತ್ತೆ ಚೆಲ್ಲಿಹೋಯಿತು.

ಆ ರಾತ್ರಿ ಹೂಮಳೆ ಬಂತು.

ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಕಣದ ಮೂಲೆಯಲ್ಲಿ ಮಂಡಿಯೂರಿ ಕೂತು ಲೋಟವನ್ನು ಕಣ್ಣ ಮಟ್ಟಕ್ಕೆ ಹಿಡಿದಿದ್ದಳು. "ಎಪ್ಪತ್ತೆರಡು" ಅಂದಳು. ಅವಳ ಮುಖದಲ್ಲಿ ಸದನದ ಚಿಂತೆ, ಸಹಿಯ ಚಿಂತೆ ಒಂದೂ ಇರಲಿಲ್ಲ. ಲಂಗದ ಹುಡುಗಿಯ ಹಾಗಿದ್ದಳು. ಕಾಫಿ ಕುಡಿಯಲು ಒಳಗೆ ಹೋದಳು.

ನಮ್ಮಲ್ಲಿ ಸಿಗ್ನಲ್ ಸಿಗುವುದು ಆ ಡಬ್ಬದ ಪಕ್ಕ ನಿಂತರೆ ಮಾತ್ರ. ಭಾವನ ಫೋನಿಗಾಗಿ ನಾನು ಅಲ್ಲೇ ನಿಂತಿದ್ದೆ. ಫೋನು ಬಂತು. ಭಾವನದಲ್ಲ, ಆ ರೆಸಾರ್ಟಿದ್ದ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರದು. ಪ್ರತಿ ವರ್ಷ ನನಗಿಂತ ಹತ್ತು ಸೆಂಟಾದರೂ ಜಾಸ್ತಿ ಹೇಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

"ಎಷ್ಟಾಯ್ತು ಮೇಸ್ತ್ರಿ? ನಮ್ಮಲ್ಲಿ ಎಪ್ಪತ್ತೈದು."

"ನಮ್ಮಲ್ಲಿ ಎಂಬತ್ತು" ಅಂದೆ. ಬಾಯಿಗೆ ಬಂದದ್ದೇ ಅದು.

"ಸುಳ್ಳು ಹೇಳ್ಬೇಡ ಮಾರಾಯ. ನೀನು ಮೇಲಿಂದ ನೋಡ್ತೀಯ ಅಂತ ಊರಿಗೆಲ್ಲ ಗೊತ್ತು."

ನನಗೆ ಉರಿದುಹೋಯಿತು. "ಈ ಸಲ ನಾನಲ್ಲ ನೋಡಿದ್ದು, ಅಕ್ಕನೇ ನೋಡಿದ್ದು. ಎಮ್ಮೆಲ್ಲೆ ಅಳೆದಿದ್ದೂ ಸುಳ್ಳಾಗುತ್ತೇನಯ್ಯಾ?"

ಆ ಕಡೆಯಿಂದ ಬಹಳ ಮರ್ಯಾದೆಯ ಸ್ವರ ಬಂತು. "ಓಹೋ... ಹಾಗಾದ್ರೆ ಎಂಬತ್ತೇ ಇರ್ಬೇಕು ಬಿಡಿ."

ಗೆದ್ದೆ ಅಂದುಕೊಂಡೆ. ನಿಜ ಹೇಳುತ್ತೇನೆ, ಫೋನು ಜೇಬಿಗಿಟ್ಟು ಮನೆ ಮೆಟ್ಟಿಲು ಹತ್ತುವವರೆಗೂ ಗೆದ್ದೆ ಅಂತಲೇ ಅಂದುಕೊಂಡಿದ್ದೆ.

ಅಕ್ಕ ಎರಡನೇ ಲೋಟ ಕಾಫಿ ಮುಗಿಸುವ ಮೊದಲೇ ಜೀಪುಗಳು ಅಂಗಳಕ್ಕೆ ಬಂದವು. ಪಕ್ಷದ ಸಚೇತಕರೇ ಇಳಿದು ಕೈಮುಗಿದರು. "ಬನ್ನಿ ಅಕ್ಕ, ಎಲ್ಲರೂ ನಿಮಗೆ ಕಾಯ್ತಾ ಇದೀವಿ." ಅಕ್ಕ ಸೀರೆ ಬದಲಾಯಿಸಿ ಬಂದಳು. ಹೊರಡುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು. "ಯಾರು ಹೇಳಿರ್ಬಹುದೋ?"

ಆಗಲಾದರೂ ಹೇಳಬಹುದಿತ್ತು. ನಾನು ಏನು ಹೇಳಿದೆ ಗೊತ್ತೆ? "ನಿನ್ನ ಡ್ರೈವರೇ ಇರ್ಬೇಕು. ಬರುವಾಗ ಆಲ್ದೂರಲ್ಲಿ ಬೀಡಾ ಹಾಕೋಕೆ ಗಾಡಿ ನಿಲ್ಸಿದ್ನಲ್ಲ, ಅಲ್ಲೇ ಬಾಯಿ ಬಿಟ್ಟಿದಾನೆ." ಡ್ರೈವರ್ ಅಲ್ಲೇ ಕಾರಿನ ಪಕ್ಕ ನಿಂತಿದ್ದ. ಅವನಿಗೆ ಕೇಳಿಸಿತು. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ "ಹೂಂ, ಇರ್ಬಹುದು" ಅಂದು ಜೀಪು ಹತ್ತಿದಳು.

ಹಕ್ಕಿ ಕೈಗೆ ಸಿಕ್ಕ ಮೇಲೆ ಸಹಿ ಯಾರಿಗೆ ಬೇಕು? ಸೋಮವಾರ ಅಕ್ಕ ವೋಟು ಹಾಕಿದಳು, ಸರ್ಕಾರ ಉಳಿಯಿತು, ಫೈಲು ಮುಂದಿನ ಬಜೆಟ್ಟಿಗೆ ಹೋಯಿತು. ಅದರ ಮುಂದಿನ ಬಜೆಟ್ಟಿಗೂ ಹೋಯಿತು. ಆ ಮಳೆಗಾಲ ಕೆಳಬೀದಿಯ ಪಾತ್ರೆಗಳು ಎಂದಿನಂತೆ ತೇಲಿದವು. ಅಕ್ಕ ರೆಸಾರ್ಟಿನಲ್ಲಿ ಕೋಳಿ ತಿಂದು ಊರನ್ನು ಮರೆತಳು ಅಂತ ಜನ ಆಡಿಕೊಂಡರು. ಮುಂದಿನ ಚುನಾವಣೆಯಲ್ಲಿ ಸೋತಳು. ಕೆಳಬೀದಿಯಲ್ಲೇ ಅವಳಿಗೆ ವೋಟು ಬರಲಿಲ್ಲ. ಸೋತ ಮೇಲೂ ಮೊದಲಿನ ಹಾಗೆಯೇ ಹೋಗಿ ನಗರಸಭೆಯ ಬಾಗಿಲಲ್ಲಿ ಕೂತಳು.

ಡ್ರೈವರನ್ನು ಮಾತ್ರ ಅವಳು ಬಿಡಲಿಲ್ಲ. ಎಮ್ಮೆಲ್ಲೆಗಿರಿ ಹೋದ ಮೇಲೂ ತನ್ನ ಹಳೇ ಕಾರಿಗೆ ಅವನನ್ನೇ ಇಟ್ಟುಕೊಂಡಳು. ಆಲ್ದೂರಲ್ಲಿ ತಾನೇ ಏನೋ ಬಾಯಿಬಿಟ್ಟಿರಬೇಕು ಅಂತ ನಂಬಿ ಅವನು ಬೀಡಾ ತಿನ್ನುವುದನ್ನೇ ಬಿಟ್ಟುಬಿಟ್ಟಿದ್ದ. ನಮ್ಮ ಮನೆಗೆ ಬಂದಾಗ ಎಲೆ ಅಡಿಕೆ ತಟ್ಟೆ ಮುಂದಿಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ. ಎಂಥ ದೊಡ್ಡ ಮನಸ್ಸು ಅಕ್ಕನದು, ತಪ್ಪು ಮಾಡಿದವನನ್ನೂ ಇಟ್ಟುಕೊಂಡಿದ್ದಾಳೆ ಅಂತ ನನ್ನ ಹೆಂಡತಿ ಹೊಗಳುವಾಗ ನಾನೂ ತಲೆಯಾಡಿಸಿದ್ದೇನೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಹೋದ ವರ್ಷ ಹೂಮಳೆಯ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದಿದ್ದಳು. ನೋಡಲು ಹೋದೆ. ಮಾತಾಡಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

"ಮಳೆ ಎಷ್ಟಾಯ್ತು?" ಅಂದಳು.

"ಅರವತ್ತು."

"ಸರಿಯಾಗಿ ಹೇಳು."

"...ಐವತ್ತೈದು."

ನಕ್ಕಳು. ನಗು ಕೆಮ್ಮಾಯಿತು. ನೀರು ಕುಡಿಸಿದೆ. ಸುಧಾರಿಸಿಕೊಂಡು ಹೇಳಿದಳು. "ಆವತ್ತು ನಾನು ನಿಂಗೆ ಎಪ್ಪತ್ತೆರಡು ಅಂದಿದ್ದೆ. ನಾನಿರೋದನ್ನ ನೀನು ಬಾಯಿಬಿಟ್ಟೆ, ಅದಿರ್ಲಿ ಬಿಡು. ಮೇಲೆ ಆ ಎಂಟು ಸೆಂಟು ಯಾಕ್ ಸೇರಿಸ್ದೆ ಮಾರಾಯ, ನನ್ನ ಹೆಸ್ರಲ್ಲಿ?"

ನೀರಿನ ಲೋಟ ಕೆಳಗಿಟ್ಟೆ. ಅವಳಿಗೆ ಆವತ್ತೇ ಗೊತ್ತಿತ್ತು. ರೆಸಾರ್ಟಿನ ಬಾಗಿಲಲ್ಲೇ ಆ ರೈಟರ್ ಕೈಮುಗಿದು ಕೇಳಿದ್ದನಂತೆ. "ಅಕ್ಕ, ನಿಮ್ಮ ತಮ್ಮ ಎಂಬತ್ತು ಅಂತಾರೆ, ನೀವೇ ನೋಡಿದ್ದಂತೆ, ಹೌದಾ?"

"ನೀನೇನಂದೆ?"

"ಇನ್ನೇನನ್ಲಿ? ಹೌದು, ಎಂಬತ್ತೇ ಅಂದೆ. ಸಚೇತಕರ ಎದುರಿಗೇ. ಚರಂಡಿನೂ ಹೋಯ್ತು, ತಮ್ಮನ ಮಾನನಾದ್ರೂ ಉಳೀಲಿ ಅಂತ."

ಏನೋ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು. "ನಂಗಲ್ಲ. ಹೊರಗೆ ಕಾರ್ ಒರೆಸ್ತಾ ಇದಾನಲ್ಲ, ಅವನಿಗೆ ಹೇಳು."

ಹೊರಗೆ ಬಂದೆ. ಅವನು ಕಾರು ಒರೆಸುತ್ತಿದ್ದ. "ಹೊರಟ್ರಾ ಅಣ್ಣ?" ಅಂದ. "ಹೂಂ" ಅಂದೆ. ಬಸ್ಸು ಹತ್ತಿದೆ...

ಆಷಾಢದ ಜಡಿಮಳೆಯಲ್ಲಿ ಅಕ್ಕ ತೀರಿಕೊಂಡಳು. ಆ ದಿನವೂ ಚರಂಡಿ ಉಕ್ಕಿತ್ತು. ಬದುಕಿದ್ದಾಗ ಎಷ್ಟು ಕರೆದರೂ ಕೆಳಬೀದಿಗೆ ಕಾಲಿಡದ ದೊಡ್ಡವರೆಲ್ಲ ಪಂಚೆ ಎತ್ತಿ ಕಟ್ಟಿ, ಆ ನೀರಿನಲ್ಲಿ ಸಾಲಾಗಿ ನಿಂತು ಹಾರ ಹಾಕಿದರು. ಒಬ್ಬರ ಚಪ್ಪಲಿ ತೇಲಿಹೋಯಿತು. ಅಕ್ಕ ನೋಡಿದ್ದರೆ ಎಷ್ಟು ನಗುತ್ತಿದ್ದಳೋ. ಅದಾದ ಮೇಲೆ ಯಾರಿಗೂ ಹೇಳದೆ ಕೇಳದೆ ಫೈಲಿಗೆ ಸಹಿಯಾಯಿತು. ಈಗ ಬೀದಿಯ ತುದಿಯಲ್ಲಿ ದೊಡ್ಡ ದೊಡ್ಡ ಪೈಪುಗಳು ಬಂದು ಬಿದ್ದಿವೆ.

ಮೊನ್ನೆ ಬೆಳಿಗ್ಗೆ ನಾನು ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದೆ. ನಲವತ್ತೊಂದು. ಪಕ್ಕದ ರೈಟರ್ ಫೋನು ಮಾಡಿದಾಗ ಅಷ್ಟೇ ಹೇಳಿದೆ. ಅವನು "ಹುಷಾರಾಗಿದೀಯಾ ಮೇಸ್ತ್ರಿ?" ಅಂತ ವಿಚಾರಿಸಿದ. ಅವನು ಫೋನಿಟ್ಟ ಮೇಲೆ ಅಲ್ಲೇ ನಿಂತು ಡ್ರೈವರಿಗೆ ಮಾಡಿದೆ. ಈಗವನು ಪೇಟೆಯಲ್ಲಿ ಆಟೋ ಓಡಿಸುತ್ತಾನೆ. ಎಲ್ಲವನ್ನೂ ಹೇಳಿದೆ, ಒಂದು ಸೆಂಟೂ ಹೆಚ್ಚುಕಡಿಮೆ ಮಾಡದೆ.

ಅವನು ಆಟೋ ಬದಿಗೆ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಕೇಳಿದ. "ಹಾಗಾದ್ರೆ ಅಣ್ಣ, ನಾನು ಇಷ್ಟು ವರ್ಷ ಬೀಡಾ ಬಿಟ್ಟಿದ್ದು ಸುಮ್ನೇನಾ?"

ಪ್ಯಾಸೆಂಜರ್ ಬಂದರು ಅಂತ ಅವನು ಫೋನಿಟ್ಟ. ಬೈದಿದ್ದರೆ ಹಗುರಾಗುತ್ತಿತ್ತು.

ಲೋಟದ ನೀರು ಚೆಲ್ಲಲು ಮನಸ್ಸು ಬರಲಿಲ್ಲ. ಕಣದ ಕಟ್ಟೆಯ ಮೇಲೆ ಹಾಗೇ ಇಟ್ಟೆ. ಸರಿಯಾಗಿ ಹೇಳು ಅನ್ನುವವಳು ಹೋದ ಮೇಲೆ ಸರಿಯಾಗಿ ಹೇಳಲು ಕಲಿತಿದ್ದೆ. ಮಧ್ಯಾಹ್ನ ಬಂದು ಬಗ್ಗಿ ನೋಡಿದೆ. ಬೆಳಿಗ್ಗೆ ನಲವತ್ತೊಂದಿದ್ದ ನೀರು ಬಿಸಿಲಿಗೆ ಒಂದು ಗೀಟು ಕೆಳಗಿಳಿದಿತ್ತು.