ಫಿಟ್ ಸರ್, ನೋ ಪ್ರಾಬ್ಲಮ್ ಸರ್

ಈಗಷ್ಟೇ ಆಫೀಸಿನ ಲಿಫ್ಟಿನಲ್ಲಿ ಒಬ್ಬರು ಮೂಗೆಳೆದು, "ಯಾರಿಗೆ ಮಾರಾಯ ಸೊಂಟನೋವು?" ಎಂದರು. ವಾಸನೆ ನನ್ನ ಶರ್ಟಿನದು. ನೋವಿನೆಣ್ಣೆಯ ಘಾಟು ನಿಮಗೂ ಗೊತ್ತಿರಬಹುದು. ಒಬ್ಬರು ಹಚ್ಚಿಕೊಂಡರೆ ಇಡೀ ಮಹಡಿಗೆ ಸುದ್ದಿ. ಅದು ಮೂಗಿಗೆ ಬಡಿದರೆ ಸಾಕು, ಗಲ್ಫಿನ ಈ ಊರಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಎರಡು ವರ್ಷದ ಹಿಂದೆ ಕಳೆದ ಬೇಸಿಗೆ ನೆನಪಾಗುತ್ತದೆ.

ಅಪ್ಪ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕ್ರೇನಿಗೆ ಸರಕು ಕಟ್ಟಿಸುವ ಫೋರ್‌ಮನ್ ಆಗಿದ್ದರು. ಅಲ್ಲೇ ಒಂದು ದಿನ ಬಿದ್ದು ಬಲಭುಜ ಮುರಿದುಕೊಂಡರು. ಮೂಳೆ ಕೂಡಿತು, ಕೈ ಮಾತ್ರ ಎದೆಯಿಂದ ಮೇಲೆ ಏಳದು. ಬೆಳಿಗ್ಗೆ ಸಂಜೆ ಆ ಭುಜಕ್ಕೆ ನೋವಿನೆಣ್ಣೆ. ಊನ ಎಷ್ಟೆಂದು ವೈದ್ಯರ ಸಮಿತಿ ಹೇಳಿದರೆ ಪರಿಹಾರ. ಊನವೇ ಇಲ್ಲ ಎಂದರೆ ಅದೇ ಕೈಯಲ್ಲಿ ಮತ್ತೆ ಕ್ರೇನಿನ ಕೆಳಗೆ. ಆ ಕೆಲಸವೂ ಆಗದಿದ್ದರೆ ಅಮ್ಮ ಊರಿಗೆ, ನಾವಿಬ್ಬರು ಹತ್ತು ಜನರ ಕೋಣೆಯಲ್ಲಿ ಒಂದೊಂದು ಮಂಚ ಬಾಡಿಗೆಗೆ ಕೊಡುವ ಬೆಡ್‌ಸ್ಪೇಸಿಗೆ. ಅಲ್ಲಿಯವರೆಗೆ ಬರುತ್ತಿದ್ದದ್ದು ಅಪ್ಪನ ಅರ್ಧ ಸಂಬಳ, ಮತ್ತು ನನ್ನದು. ನನ್ನದನ್ನು ಸಂಬಳ ಎನ್ನುವುದು ಬರೀ ಮರ್ಯಾದೆಗೆ.

ಅಮ್ಮ ಹಣಕಾಸು ಖಾತೆ ವಹಿಸಿಕೊಂಡಳು. ಎಸಿ ಹಾಲಿಗೆ ಮಾತ್ರ, ಮೂವರ ಹಾಸಿಗೆಯೂ ಅಲ್ಲೇ. ಅಪ್ಪನ ಗೊರಕೆಯ ಏಳು ಬಗೆಗಳನ್ನು ನಾನು ಕರಗತ ಮಾಡಿಕೊಂಡದ್ದು ಆಗಲೇ. ದುಬಾರಿ ಅಂಜಲ್ ಮೀನು ನಮ್ಮ ವಿಳಾಸ ಮರೆಯಿತು, ಅಗ್ಗದ ಬೂತಾಯಿ ಖಾಯಂ ಆಯಿತು. ನನ್ನ ಕ್ಷೌರವೂ ಅಮ್ಮನ ಕತ್ತರಿಗೇ. ಆಫೀಸಿನಲ್ಲಿ ಹೊಸ ಸ್ಟೈಲ್ ಎಂದೆ. ಒಬ್ಬ ನಂಬಿ ಹಾಗೇ ಮಾಡಿಸಿಕೊಂಡು ಬಂದ. ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಮಿಮಿಕ್ರಿ ಮಾಡಿ ಬಿರಿಯಾನಿ ಪಾರ್ಸೆಲ್ ತಂದರೆ ಅಮ್ಮನ ಬಜೆಟ್ಟಿನಲ್ಲಿ ಅದೂ ಆದಾಯವೇ.

ಅಂತೂ ಸಮಿತಿಯ ಕರೆ ಬಂತು. ಅಪ್ಪ ಒಳಗೆ ಹೋಗಿ ಮದುಮಗನಂತೆ ಹೊಳೆಯುತ್ತಾ ಹೊರಬಂದರು. ಕೈ ಹೇಗಿದೆ ಎಂದು ಡಾಕ್ಟರ್ ಕೇಳಿದ್ದೇ ತಡ, ಹಲ್ಲುಕಚ್ಚಿ ಅದನ್ನು ಕಿವಿಯವರೆಗೆ ಎತ್ತಿ, "ಫಿಟ್ ಸರ್, ನೋ ಪ್ರಾಬ್ಲಮ್ ಸರ್" ಅಂದರಂತೆ.

ಅವರನ್ನು ಬೈದು ಏನು ಪ್ರಯೋಜನ ಹೇಳಿ. ವೀಸಾ ಮೆಡಿಕಲ್, ಕಂಪೆನಿ ಮೆಡಿಕಲ್ ಎಂದು ಅಷ್ಟು ವರ್ಷ ಬಿಳಿ ಕೋಟು ಕಂಡಾಗಲೆಲ್ಲ ಎದೆಯುಬ್ಬಿಸಿ ನಿಂತೇ ಅವರು ಅನ್ನ ತಿಂದದ್ದು, ನನಗೂ ಹಾಕಿದ್ದು. ನಮ್ಮ ಪುಣ್ಯಕ್ಕೆ ಎಕ್ಸ್‌ರೇಗೆ ಆ ಅಭ್ಯಾಸವಿರಲಿಲ್ಲ. ಫಿಲ್ಮು ಒಂದು ಹೇಳುತ್ತದೆ, ಮನುಷ್ಯ ಇನ್ನೊಂದು ಹೇಳುತ್ತಾನೆ ಎಂದು ಸಮಿತಿ ಮತ್ತೊಮ್ಮೆ ಬರಹೇಳಿತು.

ಅಮ್ಮ ನನ್ನ ಕಡೆ ತಿರುಗಿದಳು. "ಇವರಿಗೆ ಸ್ವಲ್ಪ ಸತ್ಯ ಹೇಳ್ಲಿಕ್ಕೆ ಕಲಿಸು ಮಾರಾಯ. ನಿನಗೆ ಹೇಗೂ ನಾಟಕ ಬರ್ತದಲ್ಲ."

ಬಿಳಿ ಟವೆಲ್ ಹೊದ್ದು ನಾನು ಡಾಕ್ಟರಾದೆ. ಎಷ್ಟು ಸಲ ಕೇಳಿದರೂ ಅಪ್ಪ ಫಿಟ್ ಸರ್. ಕೊನೆಗೆ ಟವೆಲನ್ನು ಅವರ ಹೆಗಲಿಗೆ ಹಾಕಿ, "ಈಗ ನೀವು ಡಾಕ್ಟರ್, ನಾನು ನೀವು" ಎಂದು ಅವರ ಶರ್ಟು ಎತ್ತಿಕೊಂಡೆ. ಅವರ ಹಾಗೇ ಅಮ್ಮನಿಗೆ ಕಾಣದಂತೆ ಗೋಡೆಯ ಕಡೆ ತಿರುಗಿದೆ. ಎಡಗೈಯಿಂದ ಬಲಗೈಯನ್ನು ಎತ್ತಿ ಶರ್ಟಿನ ತೋಳಿಗೆ ತುರುಕಿ, ಉಸಿರು ಹಿಡಿದು, ಕಾಲರನ್ನು ಹಲ್ಲಿನಿಂದ ಎಳೆದೆ. ಅದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದರು ಅಪ್ಪ, ಪಾಪ. ಮಿಮಿಕ್ರಿಯವನ ಮನೆಯಲ್ಲಿ ಯಾರಿಗೂ ಆ ಭಾಗ್ಯವಿಲ್ಲ.

ನಗುತ್ತಾರೆ ಅಂದುಕೊಂಡಿದ್ದೆ.

"ನಾನು ಹೀಗೆ ಮಾಡ್ತೇನಾ?"

"ದಿನಾ," ಎಂದಳು ಅಮ್ಮ, ಬೂತಾಯಿ ಕ್ಲೀನ್ ಮಾಡುತ್ತಲೇ.

ಎರಡನೇ ಸಲ ಅಪ್ಪ ಒಳಗಿದ್ದಷ್ಟು ಹೊತ್ತೂ ಅಮ್ಮ ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದಳು. ಬಾಗಿಲು ತೆರೆಯಿತು.

"ಫೇಲ್," ಎಂದರು ಅಪ್ಪ, ಮುಖವಿಡೀ ನಗುತ್ತಾ. "ಕೈ ಎದೆಯಲ್ಲಿ ನಿಂತಿತು. ಇಷ್ಟೇ ಸರ್, ಇದಕ್ಕಿಂತ ಆಗುದಿಲ್ಲ ಅಂದೆ."

ನಾನು ಸಿಳ್ಳೆ ಹೊಡೆದೆ. ಕಾರಿಡಾರಿನಲ್ಲಿ ಅಮ್ಮನನ್ನು ಒಂದು ಸುತ್ತು ತಿರುಗಿಸಿಯೇ ಬಿಟ್ಟೆ. ಸೆಕ್ಯುರಿಟಿಯವನು ಯಲ್ಲಾ ಯಲ್ಲಾ ಎಂದು ನಮ್ಮನ್ನು ಹೊರಗಟ್ಟಿದ. ಫೇಲಾಗಿ ಕುಣಿಯುವ ಕುಟುಂಬವನ್ನು ಅವನಾದರೂ ಎಲ್ಲಿ ಕಂಡಿದ್ದಾನು. ತೀರ್ಮಾನ ಬರಲು ಮತ್ತೂ ಒಂದಷ್ಟು ತಿಂಗಳು ಹಿಡಿಯಿತು, ಆದರೆ ಬಂತು. ಫ್ಲ್ಯಾಟ್ ಉಳಿಯಿತು, ಅಮ್ಮನೂ ಇಲ್ಲೇ ಉಳಿದಳು. ಅಪ್ಪನಿಗೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು.

ಈ ಬೆಳಿಗ್ಗೆ ನಾನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಿದ್ದೆ. ಬಾಗಿಲು ಹಾಕದ ಕೋಣೆಯಿಂದ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ, ಅಪ್ಪನ ಕೂಗು: "ಏ, ಬಾ ಇಲ್ಲಿ. ಈ ಶರ್ಟಿನ ತೋಳು ಸ್ವಲ್ಪ ಹಿಡಿ, ನನಗೆ ಆಗುದಿಲ್ಲ."

ನೊರೆ ಸುರಿಸಿಕೊಂಡೇ ಓಡಿದೆ.