ಶುಭೋದಯದ ಫೋಟೋ

ನಮ್ಮ ಮೊಮ್ಮಗ ಮನೆಗೆ ಬಂದ! ಇವತ್ತು ಮಧ್ಯಾಹ್ನ ಗಲ್ಫಿನ ಈ ಬ್ನೇದ್ ಅಲ್ ಗಾರ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಜೀವಸಹಿತ ನಿಂತಿದ್ದ. ಅವನ ಕೈಕಾಲು ಮುಟ್ಟಿ ಮುಟ್ಟಿ ನೋಡಿದೆ. ಹೇಳಿದಷ್ಟೂ ಮುಗಿಯದ ಸಂತೋಷ.

ಅವನು ಇಲ್ಲೇ ರಾಯ್ ಎಂಬಲ್ಲಿನ ಒಂದು ಜನರೇಟರ್ ಕಂಪನಿಯ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಕಂಪನಿ ಅವನನ್ನು ಆಫ್ರಿಕಾದ ಒಂದು ದೇಶಕ್ಕೆ ಕಳಿಸಿತ್ತು. ಅಲ್ಲಿ ಒಬ್ಬ ಸೇನಾಧಿಕಾರಿ ಟ್ಯಾಂಕು ತಂದು ಸರ್ಕಾರ ಬೀಳಿಸಿ, ಆರೇ ತಿಂಗಳು ಎಂದು ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ. ಆಮೇಲೆ ಸಮವಸ್ತ್ರ ಬಿಚ್ಚಿ ಕೋಟು ತೊಟ್ಟ. ತಾನೇ ಚುನಾವಣೆ ನಡೆಸಿ, ತಾನೇ ಗೆದ್ದು ಅಧ್ಯಕ್ಷನಾದ. ಅವನ ಬಂಗಲೆಯ ಜನರೇಟರ್ ರಿಪೇರಿ ಮಾಡಿದ್ದು ನಮ್ಮ ಹುಡುಗ. ಅಧ್ಯಕ್ಷ ಅವನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡಿದ್ದ.

ನನಗೆ ಹಿಗ್ಗೋ ಹಿಗ್ಗು. ಆ ಫೋಟೋಕ್ಕೆ ಗುಲಾಬಿ ಹೂ, ‘ಶುಭೋದಯ’ ಎಲ್ಲ ಹಾಕಿಸಿ ದಿನಾ ಬೆಳಿಗ್ಗೆ ಊರಿನವರಿಗೂ ಅವನಿಗೂ ಕಳಿಸುತ್ತಿದ್ದೆ. ಹನ್ನೊಂದು ದಿನದ ಹಿಂದೆಯೂ ಕಳಿಸಿದೆ. ಆಮೇಲೆ ಮಗ ಟೀವಿ ಹಾಕಿದ. ಅಧ್ಯಕ್ಷ ಓಡಿಹೋಗಿದ್ದ. ಅವನ ಪ್ರತಿಮೆಯ ಕೊರಳಿಗೆ ಹಗ್ಗ ಬಿದ್ದಿತ್ತು. ಅವನ ಕಡೆಯವರನ್ನು ಹುಡುಕುತ್ತಾ ಸೈನಿಕರು ದಾರಿಹೋಕರ ಮೊಬೈಲ್ ತೆರೆದು ನೋಡುತ್ತಿದ್ದರು.

“ಎಂತ ಮಾಡಿದ್ದು ಅಮ್ಮ ನೀನು! ಡಿಲೀಟ್ ಮಾಡು!” ಎಂದ ಮಗ.

“ಒಂದಾ ಎರಡಾ ಮಗಾ? ದಿನಾ ಕಳಿಸಿದ್ದೇನಲ್ಲ!”

ಅಷ್ಟರಲ್ಲಿ ಅಲ್ಲಿನ ಇಂಟರ್ನೆಟ್ಟೇ ನಿಂತಿತು. ಕರೆ ಹೋಗಲಿಲ್ಲ. ಕೆಳಗೆ ಕಾರಿನ ಬಾಗಿಲು ಬಡಿದರೂ ಅವನೇ ಬಂದನೇ ಎಂದು ಕಿಟಕಿಗೆ ಓಡುತ್ತಿದ್ದೆ. ನನ್ನ ಕೈಯಾರೆ ಹುಡುಗನನ್ನು ಕೊಲ್ಲಿಸಿದೆನೇ ಎಂದು ತುತ್ತು ಇಳಿಯುತ್ತಿರಲಿಲ್ಲ. ಸೊಸೆ ಹಗಲೂ ರಾತ್ರಿ ಅವನ ನಂಬರನ್ನೇ ಒತ್ತುತ್ತಿದ್ದಳು.

ಇವತ್ತು ಸೋಫಾದಲ್ಲಿ ಕೂತು ಮೊಮ್ಮಗ ಹೇಳಿದ: “ಏರ್‌ಪೋರ್ಟ್ ರೋಡಲ್ಲಿ ಸೋಲ್ಜರ್ ನನ್ನ ಫೋನ್ ಓಪನ್ ಮಾಡಿದ ಅಜ್ಜಿ. ಎಷ್ಟು ಸ್ಕ್ರೋಲ್ ಮಾಡಿದರೂ ಅದೇ ಫೋಟೋ, ಅದೇ ರೋಸ್. ಖಲಾಸ್ ಅಂದ್ಕೊಂಡೆ.”

“ಅಯ್ಯೋ ದೇವರೇ! ಮತ್ತೆ?”

“ಯಾರು ಕಳಿಸೋದು ಅಂತ ಗನ್ ತೋರಿಸಿ ಕೇಳಿದ. ನಮ್ಮಜ್ಜಿ ಅಂದೆ. ಅವನಿಗೆ ನಗು ಬಂತು. ‘ನನ್ನಜ್ಜಿಯ ಗೋಡೆಯಿಂದ ಇವನ ಫೋಟೋ ಮೊನ್ನೆ ಇಳಿಸಿದೆ, ಅಜ್ಜಿ ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ’ ಅಂದ. ಎಲ್ಲಾ ಡಿಲೀಟ್ ಮಾಡಿ, ಯಲ್ಲಾ, ಹೋಗು ಅಂದ.”

ಸಂಜೆ ಸೊಸೆ ಕೋಳಿ ಸಾರು ಮಾಡಿ ಊರಿನ ಒಣ ರೊಟ್ಟಿ ತೆಗೆದಳು. ನಾಲ್ವರೂ ಚಾಪೆ ಹಾಸಿ ಕೂತೆವು. ನಾನೇ ರೊಟ್ಟಿ ಮುರಿದು ಅವನ ಬಟ್ಟಲಿಗೆ ಹಾಕಿ ಸಾರು ಸುರಿದೆ. ಅವನು ತಿಂದ. ಆಮೇಲೆ ನಾವೂ ತಿಂದೆವು.